ಚಾರ್ಟಿನ ನಾಲ್ಕನೇ ಸಾಲು

ಜೂನ್ ತಿಂಗಳಲ್ಲಿ ನಾವು ಶಾಲೆಯ ಆವರಣದಲ್ಲಿ ಇಪ್ಪತ್ತೈದು ಸಸಿ ನೆಟ್ಟಿದ್ದೆವು. ಬೇವು, ನುಗ್ಗೆ, ಸೀತಾಫಲ. ಆಗಸ್ಟ್ ಎರಡನೇ ವಾರದಲ್ಲಿ ಹೆಡ್ ಮಾಸ್ತರರು ಎಣಿಸಿದಾಗ ಹಸಿರಾಗಿ ಉಳಿದವು ಹದಿನಾಲ್ಕು. ಅಕ್ಟೋಬರ್ ಮುಗಿಯುವುದರೊಳಗೆ ಪ್ರತಿ ಸಸಿಯ ಪಕ್ಕ ಒಂದೊಂದು ಮಗುವನ್ನು ನಿಲ್ಲಿಸಿ ಫೋಟೊ ತೆಗೆದು ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಹೆಡ್ ಮಾಸ್ತರರು ಎಣಿಸಿ ಬಂದವರೇ ಪ್ರಾರ್ಥನೆಯ ಸಾಲಿನ ಮುಂದೆ ನಿಂತು, "ಇದು ಯಾರ ಜವಾಬ್ದಾರಿ?" ಎಂದು ಕೇಳಿದರು. ಕೇಳಿದ್ದು ಎಲ್ಲರನ್ನೂ, ನೋಡಿದ್ದು ಮಾತ್ರ ವಿಜ್ಞಾನ ಮಾಸ್ತರನಾದ ನನ್ನ ಕಡೆಗೆ.

ನಾನು ಆಗತಾನೆ ಬಂದು ನಿಂತಿದ್ದೆ. ಮಸ್ಕಿಯಿಂದ ಸಿಂಧನೂರಿಗೆ ಒಂದು ಬಸ್ಸು, ಅಲ್ಲಿಂದ ಜವಳಗೇರಾ ಕಡೆಗೆ ಇನ್ನೊಂದು, ಇಳಿದ ಮೇಲೆ ಗದ್ದೆಗಳ ನಡುವೆ ಇಪ್ಪತ್ತು ನಿಮಿಷದ ನಡಿಗೆ. ಶಾಲೆ ಮುಟ್ಟುವಷ್ಟರಲ್ಲಿ ನನ್ನ ಅರ್ಧ ದಿನ ಮುಗಿದಂತಿರುತ್ತದೆ. ಆ ದಣಿವಿನಲ್ಲಿ ತಪ್ಪನ್ನು ನನ್ನ ಮೇಲಿಂದ ಇಳಿಸಿ ಬೇರೆ ಯಾರ ಮೇಲಾದರೂ ಇಡುವುದು ಬಹಳ ಸುಲಭವಾಗಿ ಕಂಡಿತು. ನಮ್ಮ ಶಾಲಾ ಸಂಸತ್ತಿನಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಪರಿಸರ ಮಂತ್ರಿಯಾಗಿದ್ದಳು. ಗಿಡಗಳಿಗೆ ನೀರು ಹಾಕುವುದು ಅವಳ ಖಾತೆ.

"ಮಂತ್ರಿ, ಗಿಡಕ್ಕ ನೀರು ಹಾಕ್ತೀಯೋ ಇಲ್ಲೋ?" ಎಂದು ಅಲ್ಲಿಂದಲೇ ಕೂಗಿದೆ.

"ದಿನಾ ಹಾಕ್ತೀನ್ರೀ ಸರ್. ಒಂದೊಂದಕ್ಕ ಅರ್ಧರ್ಧ ಕೊಡ."

"ಹಾಕಿದ್ರ ಯಾಕ ಒಣಗ್ತಾವ? ಸುಳ್ಳು ಹೇಳಬ್ಯಾಡ. ಇವತ್ತಿಂದ ನೀ ಮಂತ್ರಿ ಅಲ್ಲ."

ಅವಳು ತಲೆ ತಗ್ಗಿಸಿದಳು. ಹೆಡ್ ಮಾಸ್ತರರಿಗೆ ಸಮಾಧಾನವಾಯಿತು. ನನಗೂ ಆಯಿತು ಎಂದು ಹೇಳಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ಹುಡುಗರು ಅವಳನ್ನು "ಮಾಜಿ ಮಂತ್ರಿ" ಎಂದು ಕರೆಯತೊಡಗಿದ್ದರು.

ನನ್ನ ಊರು ಲಿಂಗಸುಗೂರು ತಾಲ್ಲೂಕಿನ ಮಸಾರಿ ಭೂಮಿಯದು. ಕೆಂಪು ಮಣ್ಣು, ಮಳೆ ಬಂದರೆ ಬೆಳೆ. ನಮ್ಮ ಕಡೆ ಗಿಡ ಸಾಯುವುದಕ್ಕೆ ಎರಡೇ ಕಾರಣ. ಒಂದು ಆಡು, ಇನ್ನೊಂದು ನೀರಿಲ್ಲದಿರುವುದು. ಈ ಶಾಲೆಗೆ ಕಾಂಪೌಂಡ್ ಇದೆ, ಗೇಟಿಗೆ ಬೀಗವಿದೆ, ಆಡು ಬರುವುದಿಲ್ಲ. ಅಲ್ಲಿಗೆ ನನ್ನ ಲೆಕ್ಕ ಮುಗಿದಿತ್ತು.

ಅದೇ ವಾರ ಏಳನೇ ತರಗತಿಗೆ ಮಣ್ಣಿನ ಪಾಠ ಬಂತು. ಕೆಲವು ವರ್ಷಗಳ ಹಿಂದೆ ಲಿಂಗಸುಗೂರಿನಲ್ಲಿ ಮೂರು ದಿನದ ತರಬೇತಿಯೊಂದಕ್ಕೆ ಹೋಗಿದ್ದೆ. ಮಕ್ಕಳೇ ಪ್ರಶ್ನೆ ಹಿಡಿದು, ನೋಡಿ, ಅಳೆದು, ಉತ್ತರ ಕಂಡುಕೊಳ್ಳುವಂತೆ ಪಾಠ ಮಾಡುವುದು ಹೇಗೆ ಎಂಬುದು ಅದರ ವಿಷಯ. "ಉತ್ತರ ನಿಮ್ಮ ಬಾಯಿಗೆ ಬಂದರೂ ನುಂಗಿಕೊಳ್ಳಿ. ಮಕ್ಕಳ ಯಾವ ಊಹೆಯನ್ನೂ ತಳ್ಳಿಹಾಕಬೇಡಿ" ಎಂದು ತರಬೇತುದಾರರು ಪದೇ ಪದೇ ಹೇಳಿದ್ದರು. ಪುಸ್ತಕದಲ್ಲಿದ್ದ ಮಣ್ಣಿನ ಪದರಗಳ ಚಿತ್ರವನ್ನು ಬೋರ್ಡಿನ ಮೇಲೆ ಬರೆದು ಬರೆದು ನನಗೂ ಸಾಕಾಗಿತ್ತು. ಈ ಸಲ ಬೇರೆ ರೀತಿ ಮಾಡೋಣ ಎಂದು ಒಂದು ಪ್ರಶ್ನೆ ಕೊಟ್ಟೆ: ನಮ್ಮ ಶಾಲೆಯ ಗಿಡಗಳು ಏಕೆ ಸಾಯುತ್ತವೆ?

ದೊಡ್ಡ ಡ್ರಾಯಿಂಗ್ ಹಾಳೆಯಲ್ಲಿ ಮೂರು ಅಂಕಣ ಹಾಕಿದೆ. ಊಹೆ. ಯಾರದು. ಹೇಗೆ ಗೊತ್ತು. ಮೂರನೆಯದನ್ನು ಖಾಲಿ ಬಿಟ್ಟೆವು. ಗೆದ್ದಲು ತಿಂದಿದೆ ಎಂದ ಒಬ್ಬ. ಬಿಸಿಲು ಹೆಚ್ಚಾಯಿತು ಎಂದಳು ಒಬ್ಬಳು. ನರ್ಸರಿಯಿಂದ ಬಂದ ಸಸಿಗಳೇ ಕಮಜೋರು ಎಂದು ಮೂರನೆಯವನು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ.

"ಮಂತ್ರಿ ನೀರು ಹಾಕಿಲ್ರೀ ಸರ್."

ತರಗತಿ ನಕ್ಕಿತು.

"ಇದು ನಿಂದೇನು?" ಎಂದೆ.

"ನಂದಲ್ರೀ, ನಿಮ್ದು. ನೀವ ಅಂದಿದ್ರಲ್ರೀ ಮೊನ್ನೆ."

ಯಾವ ಊಹೆಯನ್ನೂ ತಳ್ಳಿಹಾಕಬಾರದಲ್ಲ. ನಾನು ನಾಲ್ಕನೇ ಸಾಲಿನಲ್ಲಿ 'ಮಂತ್ರಿ ನೀರು ಹಾಕಿಲ್ಲ' ಎಂದು ಬರೆದು, ಪಕ್ಕದಲ್ಲಿ 'ಸರ್' ಎಂದು ಬರೆದೆ. ನನ್ನ ಮಾತನ್ನೂ ಪರೀಕ್ಷೆಗೆ ಒಡ್ಡುತ್ತಿದ್ದೇನೆ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಒಂದು ಮಗುವಿನ ಮೇಲಿನ ಆರೋಪವನ್ನು ಗೆದ್ದಲು, ಬಿಸಿಲುಗಳ ಸಾಲಿನಲ್ಲಿ ಗೋಡೆಗೆ ಅಂಟಿಸುತ್ತಿದ್ದೇನೆ ಎಂಬುದು ಹೊಳೆಯಲಿಲ್ಲ. ಗುಂಡಿ ಸಣ್ಣದು, ಬೋರಿನ ನೀರು ಸವುಳು, ಮಣ್ಣಿನಲ್ಲೇ ಏನೋ ಇದೆ, ಹೀಗೆ ಇನ್ನೂ ಮೂರು ಬಂದವು. ಒಟ್ಟು ಏಳು. ಚಾರ್ಟನ್ನು ಕಿಟಕಿಯ ಪಕ್ಕ ಹಚ್ಚಿದೆವು. ಆ ಹುಡುಗಿ ಕೂರುವ ಜಾಗಕ್ಕೆ ಅದು ಸರಿಯಾಗಿ ಎದುರಿಗಿತ್ತು.

ಮೊದಲು ತಗ್ಗು ತೋಡುವ ಕೆಲಸ. ಕಾಂಪೌಂಡಿನ ಮೂಲೆಯಲ್ಲಿ ಮೂರು ಅಡಿ ಉದ್ದ, ಎರಡಡಿ ಅಗಲ, ಮೂರಡಿ ಆಳ. ಇಲ್ಲಿಯ ಕಪ್ಪು ಎರೆ ಮಣ್ಣು ಒಣಗಿದ್ದಾಗ ಹಾರೆಗೆ ಜಗ್ಗುವುದಿಲ್ಲ, ಹಸಿಯಾಗಿದ್ದಾಗ ಸಲಿಕೆಯನ್ನು ಬಿಡುವುದಿಲ್ಲ. ಒಂದು ಬುಟ್ಟಿ ಮಣ್ಣು ತೆಗೆದರೆ ಸಲಿಕೆಗೆ ಅಂಟಿದ್ದನ್ನು ಕೆರೆದು ತೆಗೆಯಲು ಒಬ್ಬ ಬೇರೆ ಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹುರಿದುಂಬಿಸಲು ಹೋದೆ. "ಮೊಸರು ಯಾವಾಗ ಕೊಡ್ತೀರಿ ಸರ್?" ಎಂದು ಒಬ್ಬ ಕೇಳಿದ. ನಾಲ್ಕು ದಿನ ಕೊನೆಯ ಅವಧಿಯೆಲ್ಲ ಅದಕ್ಕೇ ಹೋಯಿತು. ಮೇಲೊಂದು ಗೇಣು ಸಡಿಲ ಮಣ್ಣು, ಕೆಳಗೆ ಕಪ್ಪಗೆ ಮೇಣದಂತೆ ಹೊಳೆಯುವ ಜಿಗುಟು, ಅದರೊಳಗೆ ಅಲ್ಲಲ್ಲಿ ಬಿಳಿ ಸುಣ್ಣದ ಹರಳು. ಪುಸ್ತಕದಲ್ಲಿದ್ದ ಬಣ್ಣಬಣ್ಣದ ಪದರಗಳು ಇಲ್ಲಿಲ್ಲವಲ್ಲ ಎಂದು ಮಕ್ಕಳು ಬೇಸರಪಟ್ಟರು.

ಐದನೇ ದಿನ ಮುಂಜಾನೆ ತಗ್ಗಿನಲ್ಲಿ ಅರ್ಧದವರೆಗೆ ನೀರು ನಿಂತಿತ್ತು. ರಾತ್ರಿ ಮಳೆಯಾಗಿರಬೇಕು ಎಂದೆ. ಮಳೆಯಾಗಿಲ್ಲ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಅವರು ಆ ಊರಿನಲ್ಲಿ ಮಲಗುವವರು, ನಾನು ಮಸ್ಕಿಯಲ್ಲಿ. ಸರಿ, ಅಳೆಯಿರಿ ಎಂದೆ. ಒಂದು ಉದ್ದ ಕೋಲಿಗೆ ಇಂಚಿನ ಗೆರೆ ಹಾಕಿ, ನೆಲದ ಮಟ್ಟದಿಂದ ನೀರಿಗೆ ಎಷ್ಟು ಕೆಳಗೆ ಎಂದು ದಿನಕ್ಕೆರಡು ಸಲ ನೋಡಿ ಬರೆಯುವುದು ಇಬ್ಬರು ಹುಡುಗರ ಪಾಲಿಗೆ ಬಂತು. ಮೊದಲ ಅಳತೆ ಹದಿನೆಂಟು ಇಂಚು.

ಮಣ್ಣಿನಲ್ಲಿ ನೀರು ಹೇಗೆ ಇಳಿಯುತ್ತದೆ ಎಂದು ತೋರಿಸಲು ನಮ್ಮ ಊರಿನ ಕೆಂಪು ಮಣ್ಣು ಬೇಕಾಗಿತ್ತು. ರವಿವಾರ ಊರಿಗೆ ಹೋಗಿ ಒಂದು ಚೀಲ ತುಂಬಿಕೊಂಡು ಬಂದೆ. ಸಿಂಧನೂರು ಬಸ್ಸಿನ ಕಂಡಕ್ಟರ್ ಚೀಲ ಒದ್ದು ನೋಡಿ, "ಏನೈತ್ರೀ ಮಾಸ್ತರ್ ಇದ್ರಾಗ?" ಎಂದ. ಮಣ್ಣು ಎಂದೆ. "ಯಾರ ಬಾಯಾಗ ಹಾಕಾಕ?" ಎಂದ. ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ.

ಎರಡು ನೀರಿನ ಬಾಟಲಿಗಳ ತಳ ಕೊಯ್ದು, ಬಾಯಿಗೆ ಬಟ್ಟೆ ಕಟ್ಟಿ ತಲೆಕೆಳಗಾಗಿ ನಿಲ್ಲಿಸಿದೆವು. ಒಂದರಲ್ಲಿ ಕೆಂಪು ಮಣ್ಣು, ಇನ್ನೊಂದರಲ್ಲಿ ಶಾಲೆಯ ಕಪ್ಪು ಮಣ್ಣು, ಎರಡಕ್ಕೂ ಒಂದೊಂದು ಲೋಟ ನೀರು. ಕೆಂಪು ಮಣ್ಣಿನಿಂದ ನೀರು ಹಾಜರಿ ತೆಗೆಯುವಷ್ಟರಲ್ಲಿ ಇಳಿದುಹೋಯಿತು. ಕಪ್ಪು ಮಣ್ಣಿನ ಮೇಲೆ ಸಂಜೆ ಗಂಟೆ ಹೊಡೆದಾಗಲೂ ಲೋಟದ ನೀರು ಬಹುಪಾಲು ಹಾಗೇ ನಿಂತಿತ್ತು. ಅದನ್ನು ನಾನೂ ಬಹಳ ಹೊತ್ತು ನೋಡಿದೆ. ಆದರೆ ಅದರಿಂದ ನಮ್ಮ ಸಸಿಗಳ ಗುಂಡಿಗಳ ಕಡೆಗೆ ನನ್ನ ಯೋಚನೆ ಹರಿಯಲಿಲ್ಲ. ಸೆಪ್ಟೆಂಬರಿನಲ್ಲಿ ಮತದಾರರ ಪಟ್ಟಿಯ ಕೆಲಸ ಬಂದು ಹತ್ತು ದಿನ ಮನೆ ಮನೆ ತಿರುಗುವುದಾಯಿತು.

ತಿರುಗಿ ಬಂದಾಗ ಸಸಿಗಳು ಒಂಬತ್ತಕ್ಕೆ ಇಳಿದಿದ್ದವು. ತಗ್ಗಿನ ಅಳತೆಯ ನೋಟ್‌ಬುಕ್ ಮಾತ್ರ ಬಹಳ ಚೆನ್ನಾಗಿತ್ತು. ಗೆರೆ ಹಾಕಿ, ಕೆಂಪು ಶಾಯಿಯಲ್ಲಿ ದಿನಾಂಕ ಬರೆದು, ಹತ್ತು ದಿನವೂ ಎರಡು ಹೊತ್ತೂ ಹದಿನೆಂಟು ಇಂಚು.

"ಆಯಿತವಾರನೂ ಬಂದು ನೋಡಿದ್ರೇನು?" ಎಂದು ಆ ಇಬ್ಬರನ್ನು ಕೇಳಿದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇಲ್ರೀ ಸರ್. ಮೊದಲ್ನೇ ದಿನ ನೀವು ಹದಿನೆಂಟಕ್ಕ ಬರೋಬರಿ ಅಂದಿದ್ರಿ. ಅದಕ್ಕ ಅದನ್ನ ಬರದ್ವಿ."

ಬೈಯುವುದಕ್ಕೂ ನನ್ನಲ್ಲಿ ಶಕ್ತಿ ಇರಲಿಲ್ಲ. ಹತ್ತು ದಿನ ಕಂಡವರ ಬಾಗಿಲು ಬಡಿದು ಬಂದಿದ್ದೆ. ಕಟ್ಟೆಯ ಮೇಲೆ ಕುಳಿತು, ಈ ಪಾಠವನ್ನು ಇಲ್ಲಿಗೇ ಬಿಟ್ಟು ಪದರಗಳ ಚಿತ್ರ ಬರೆಸಿ ಮುಗಿಸಿಬಿಡೋಣ ಎಂದು ಯೋಚಿಸಿದೆ. ಅಷ್ಟರಲ್ಲಿ ಮಾಜಿ ಮಂತ್ರಿ ಬಂದು ಒಂದು ನೋಟ್‌ಬುಕ್ ಚಾಚಿದಳು. ಕನ್ನಡ ನೋಟ್‌ಬುಕ್ಕಿನ ಕೊನೆಯ ಪುಟಗಳು. ಅಲ್ಲಿಯೂ ತಗ್ಗಿನ ಅಳತೆ ಇತ್ತು, ಆದರೆ ಅಂಕಿಗಳು ಬೇರೆ. ಹದಿನೆಂಟು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತೆರಡು, ಇಪ್ಪತ್ತೈದು, ಇಪ್ಪತ್ತಾರು. ಮತ್ತೆ ಇಪ್ಪತ್ತಮೂರು, ಇಪ್ಪತ್ತು.

"ಇದು ಯಾವಾಗ ನೋಡಿದಿ?"

"ದಿನಾ ನೋಡೀನ್ರೀ. ಆಯಿತವಾರ ಗೇಟಿನ ಸಂದ್ಯಾಗಿಂದ ಬಂದಿದ್ದೆ."

"ನಿನಗ ಯಾರೂ ಹೇಳಿರಲಿಲ್ಲಲ್ಲ?"

"ಚಾರ್ಟಿನ್ಯಾಗ ನಂದೈತಲ್ರೀ ಸರ್" ಎಂದಳು.

ಆ ಮಾತು ನನಗೆ ನಾಟಿತು. ಆದರೂ ಆ ಕ್ಷಣದಲ್ಲಿ ನಾನು ಅಂಕಿಗಳ ಹಿಂದೆ ಬಿದ್ದೆ. ನೀರು ಏಕೆ ಇಳಿಯಿತು, ಏಕೆ ಮತ್ತೆ ಏರಿತು? ನಡುವೆ ಮಳೆ ಬಂದಿರಲಿಲ್ಲ. ಅವಳೇ ಹೇಳಿದಳು. "ಆ ವಾರ ಕಾಲುವಿ ಬಂದ್ ಇತ್ರೀ. ಗದ್ಯಾಗ ನೀರಿರಲಿಲ್ಲ." ಕಾಲುವೆಗೆ ನೀರು ಬಿಟ್ಟ ಮರುದಿನದಿಂದ ತಗ್ಗಿನಲ್ಲಿ ನೀರು ಏರಿತ್ತು. ಶಾಲೆಯ ಸುತ್ತ ಮೂರು ಕಡೆ ಭತ್ತದ ಗದ್ದೆ. ಗದ್ದೆಯ ನೀರು ನೆಲದೊಳಗಿನಿಂದ ನಮ್ಮ ಆವರಣದ ಕೆಳಗೆ ಬಂದು ಕೂತಿತ್ತು.

ಮಕ್ಕಳು ಮನೆಗೆ ಹೋದ ಮೇಲೆ ಹೋಗಿ ಸತ್ತ ಬೇವಿನ ಸಸಿಯೊಂದನ್ನು ಕಿತ್ತೆ. ಸಲಿಕೆಯೂ ಬೇಕಾಗಲಿಲ್ಲ, ಜಗ್ಗಿದರೆ ಬಂತು. ಬೇರು ಕಪ್ಪಗಾಗಿತ್ತು, ಹಿಸುಕಿದರೆ ಸಿಪ್ಪೆ ಜಾರುತ್ತಿತ್ತು, ಕೊಳೆತ ಮೊಟ್ಟೆಯ ವಾಸನೆ. ಗುಂಡಿಯ ತಳದಲ್ಲಿ ಬಾನಿಯಲ್ಲಿ ನಿಂತಂತೆ ನೀರು. ಕೆಳಗಿನ ನೀರು ಇಂಗಲು ಜಾಗ ಕೊಡುತ್ತಿಲ್ಲ, ಎರೆ ಮಣ್ಣು ಬಿಡುತ್ತಿಲ್ಲ, ಮೇಲಿನಿಂದ ನಾವು ಹಾಕಿದ ನೀರೆಲ್ಲ ಅಲ್ಲೇ ನಿಂತಿದೆ. ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಎಲೆ ಒಣಗಿದ್ದನ್ನು ನೋಡಿ ನೀರಿಲ್ಲ ಎಂದುಕೊಂಡವನು ನಾನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆ.

ಮರುದಿನವೇ ಇದನ್ನು ತರಗತಿಗೆ ಹೇಳಿಬಿಡಬಹುದಿತ್ತು, ಹೇಳಲಿಲ್ಲ. ಉತ್ತರ ನುಂಗಿಕೊಳ್ಳಿ ಎಂಬ ತರಬೇತಿಯ ಮಾತು ನೆನಪಿತ್ತು. ಮಕ್ಕಳು ತಾವೇ ಸಸಿ ಕಿತ್ತು, ತಾವೇ ಮೂಸಿ, ತಾವೇ ಕಂಡುಕೊಳ್ಳಲಿ, ಆರು ದಿನ ಹೆಚ್ಚಾದರೆ ಆಗಲಿ ಎಂದುಕೊಂಡೆ. ಪಾಠದ ದೃಷ್ಟಿಯಿಂದ ಅದು ಸರಿಯೇ. ಆದರೆ ಆ ಆರು ದಿನವೂ ನಾಲ್ಕನೇ ಸಾಲು ಗೋಡೆಯ ಮೇಲೆ ಇತ್ತು, ಆ ಹುಡುಗಿ ಅದರ ಎದುರಿಗೇ ಕೂರುತ್ತಿದ್ದಳು. ನನ್ನ ಮೌನದಲ್ಲಿ ಪಾಠದ ಪಾಲೆಷ್ಟು, ತಪ್ಪೊಪ್ಪಿಕೊಳ್ಳುವ ಅಂಜಿಕೆಯ ಪಾಲೆಷ್ಟು ಎಂದು ಈಗಲೂ ಬೇರೆ ಮಾಡಿ ಹೇಳಲಾರೆ.

ಏಳನೇ ದಿನ ಅವಳ ತಾಯಿ ಬಂದಳು. ಕಳೆ ತೆಗೆಯಲು ಹೊರಟವಳು, ಸೆರಗು ಸೊಂಟಕ್ಕೆ ಸಿಗಿಸಿದ್ದಳು. ತರಗತಿಯ ಒಳಗೆ ಬಾರದೆ ಬಾಗಿಲಲ್ಲೇ ನಿಂತಳು.

"ಸರ, ನಾ ಓದಿದಾಕಿ ಅಲ್ಲ. ಗ್ವಾಡಿ ಮ್ಯಾಲ ನಮ್ಮ ಹುಡುಗಿದು ಏನೋ ಬರದೀರಂತ. ನಿನ್ನ ಮಗಳು ಸಾಲಿ ಗಿಡ ಒಣಗಿಸ್ಯಾಳಂತಲ್ಲ ಅಂತ ಕೂಲ್ಯಾಗ ಹೆಂಗಸರು ಅಂತಾರ."

"ಅದು ಬರೇ ಊಹೆ ರೀ ಅವ್ವ. ಪಾಠದ ಸಲುವಾಗಿ ಬರದದ್ದು. ಇನ್ನಾ ಪರೀಕ್ಷೆ ಮಾಡಾಕತ್ತೀವಿ."

"ಬರೇ ಊಹೆ ಇದ್ರ ಮಗೀನ ಮ್ಯಾಲ ಯಾಕ ಬರದ್ರಿ?"

ನನಗೆ ನಿಜವಾಗಿ ನಾಚಿಕೆಯಾಯಿತು. ಸ್ಕೆಚ್ ಪೆನ್ ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಲು ಚಾರ್ಟಿನ ಹತ್ತಿರ ಹೋದೆ. ಇಡೀ ತರಗತಿ ನೋಡುತ್ತಿತ್ತು.

"ಬ್ಯಾಡ್ರೀ ಸರ್" ಎಂದಳು ಹುಡುಗಿ, ಕುಳಿತಲ್ಲಿಂದಲೇ. "ಈಗ ಹೊಡದ್ರ ಅವ್ವ ಬಂದು ಜಗಳಾಡಿದ್ಲು, ಅದಕ್ಕ ಹೊಡದ್ರು ಅಂತಾರ. ಪರೀಕ್ಷೆ ಮಾಡಿ ಹೊಡೀರಿ."

ತಾಯಿ ಮಗಳ ಮುಖ ನೋಡಿದಳು. "ಹಂಗಂದ್ರ ಇನ್ನಾ ಎಷ್ಟು ದಿನ ಕೇಳಬೇಕಬೇ ನಾ ಇದನ್ನ?" ಎಂದಳು. ತಾಯಿ ಹೊತ್ತಾಯಿತೆಂದು ಹೊರಟುಹೋದಳು.

ನಾನು ಪೆನ್ ಕೆಳಗಿಟ್ಟು ಹೇಗೆ ಪರೀಕ್ಷೆ ಮಾಡುತ್ತೀ ಎಂದು ಕೇಳಿದೆ. ಅವಳು ಮೊದಲೇ ಯೋಚಿಸಿಟ್ಟಿದ್ದಳು. "ಒಂಬತ್ತು ಅದಾವಲ್ರೀ. ಮೂರಕ್ಕ ದಿನಾ ನೀರು ಹಾಕೂಣು. ಮೂರಕ್ಕ ಬಂದ್ ಮಾಡೂಣು. ಇನ್ನ ಮೂರು ಮ್ಯಾಲ ಎತ್ತಿಡೂಣು. ಗದ್ದಿ ಬದುವಿನ ಮ್ಯಾಲ ಬೇವು ಬೆಳದಾವ್ರೀ, ಯಾರೂ ನೀರು ಹಾಕಲ್ಲ. ತಗ್ಗಿನ್ಯಾಗ ಒಂದೂ ಇಲ್ಲ." ದಿನವೂ ಬದುವಿನ ಮೇಲೆ ನಡೆದು ಶಾಲೆಗೆ ಬರುವವಳು. ಅದೇ ಬದುವಿನ ಮೇಲೆ ನಾನೂ ಎರಡು ವರ್ಷದಿಂದ ನಡೆದಿದ್ದೆ. ಬಸ್ಸು ತಪ್ಪೀತೆಂಬ ಚಿಂತೆಯ ಹೊರತು ಅಲ್ಲಿ ನನಗೆ ಏನೂ ಕಂಡಿರಲಿಲ್ಲ.

ಹೆಡ್ ಮಾಸ್ತರರಿಗೆ ಹೇಳಿದಾಗ ಅವರು ಚಷ್ಮಾ ತೆಗೆದರು. "ಉಳದಿದ್ದ ಒಂಬತ್ತು. ಅದ್ರಾಗ ಮೂರಕ್ಕ ನೀರು ಬಂದ್ ಮಾಡ್ತೀರಿ, ಮೂರನ್ನ ಕೀಳ್ತೀರಿ. ತಲಿ ಕೆಟ್ಟೈತೇನ್ರೀ ನಿಮಗ?" ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು, ಒಂದು ನೋಟಿಸಿಲ್ಲದೆ ಮನೆ ಸೇರಬೇಕೆಂಬುದೊಂದೇ ಅವರ ಆಸೆ. ಕಿತ್ತ ಸಸಿಯ ಬೇರು ತೋರಿಸಿದೆ, ಮೂಸಿ ನೋಡಿದರು, ಮುಖ ಕಿವುಚಿದರು. ಆದರೂ ಒಪ್ಪಲಿಲ್ಲ. ಕೊನೆಗೆ, "ಎಷ್ಟು ಕಮ್ಮಿ ಆಗ್ತಾವೋ ಅಷ್ಟಕ್ಕೂ ವರದ್ಯಾಗ ನನ್ನ ಹೆಸರು ಬರೀರಿ" ಎಂದೆ. "ಬರೀತೀನಿ ಮತ್ತ" ಎಂದರು. ಬರೆದೂ ಬರೆದರು.

ನೀರು ಹಾಕುವ ಸರದಿಯನ್ನು ಇಡೀ ತರಗತಿಗೆ ಹಂಚಿದೆವು. ಮಾಜಿ ಮಂತ್ರಿ ಕೊಡ ಮುಟ್ಟಬಾರದು ಎಂಬ ನಿಯಮವನ್ನು ಅವಳೇ ಹಾಕಿಕೊಂಡಳು. ತಗ್ಗಿನಿಂದ ತೆಗೆದ ಮಣ್ಣಿಗೆ ಮರಳು, ಸಗಣಿಗೊಬ್ಬರ ಬೆರೆಸಿ ಮೊಣಕಾಲೆತ್ತರದ ಮೂರು ದಿಬ್ಬ ಮಾಡಿದೆವು. ಮೂರು ಬೇವಿನ ಸಸಿಗಳನ್ನು ಬೇರಿನ ಮಣ್ಣಿನ ಸಮೇತ ಎತ್ತಿ ಅಲ್ಲಿ ಕೂರಿಸಬೇಕಿತ್ತು. ಎರಡನ್ನು ಮಕ್ಕಳು ಎತ್ತಿದರು. ಮೂರನೆಯದನ್ನು ಹೀಗಲ್ಲ ಹಾಗೆ ಎಂದು ತೋರಿಸಲು ಹೋಗಿ ನಾನೇ ಎತ್ತಿದೆ, ಮಣ್ಣಿನ ಉಂಡೆ ಒಡೆದು ಬೇರು ಹರಿಯಿತು. ಅದು ವಾರದಲ್ಲಿ ಸತ್ತಿತು.

ಬೋರಿನ ನೀರಿನ ಊಹೆಯನ್ನು ಅಡುಗೆ ಕೋಣೆಯಲ್ಲಿ ನೋಡಿದೆವು. ಬಿಸಿಯೂಟದ ಅಡುಗೆಯಾಕೆ ಒಲೆ ಬಿಟ್ಟುಕೊಟ್ಟಳು. ಮೂರು ಸ್ಟೀಲ್ ತಟ್ಟೆ, ಒಂದರಲ್ಲಿ ಬೋರಿನ ನೀರು, ಒಂದರಲ್ಲಿ ಕಾಲುವೆಯದು, ಒಂದರಲ್ಲಿ ಕುಡಿಯುವ ಕ್ಯಾನಿನದು. ಆವಿಯಾಗುವವರೆಗೆ ಕಾಯಿಸಿದಾಗ ಬೋರಿನ ತಟ್ಟೆಯಲ್ಲಿ ಬೆರಳಿಗೆ ಹತ್ತುವಷ್ಟು ಬಿಳಿ ಪುಡಿ ಉಳಿಯಿತು, ಕಾಲುವೆಯದರಲ್ಲಿ ತೆಳ್ಳಗೆ ಕಲೆ, ಕ್ಯಾನಿನದರಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. "ಇದಕ್ಕ ನಾ ಸಾರಿಗೆ ಉಪ್ಪು ಕಮ್ಮಿ ಹಾಕೂದು. ನನ್ನ ಕೇಳಿದ್ರ ನಾನ ಹೇಳ್ತಿದ್ದೆ" ಎಂದಳು ಅಡುಗೆಯಾಕೆ. ಆಮೇಲೆ ಪ್ರತಿ ಸತ್ತ ಸಸಿಯನ್ನೂ ಮಕ್ಕಳೇ ಕಿತ್ತು ಬೇರು ನೋಡಿದರು, ಮೂಗು ಮುಚ್ಚಿಕೊಂಡು ಓಡಿದರು, ತಿರುಗಿ ಬಂದು ಬರೆದರು. ನಾನು ಉತ್ತರ ಹೇಳಲಿಲ್ಲ. ಈಗ ಹೇಳುವ ಅಗತ್ಯವೂ ಇರಲಿಲ್ಲ.

ದಸರಾ ರಜೆಯಲ್ಲಿ ಮೂರು ದಿನ ಸರದಿ ತಪ್ಪಿತು. ನೀರಿನ ಲೆಕ್ಕದ ನೋಟ್‌ಬುಕ್ಕಿನಲ್ಲಿ ಆ ಮೂರು ದಿನದ ಚೌಕಗಳನ್ನು ಮಕ್ಕಳು ಖಾಲಿ ಬಿಟ್ಟಿದ್ದರು. ಅದನ್ನು ನೋಡಿ, ಆ ಎರಡು ತಿಂಗಳಲ್ಲಿ ಮೊದಲ ಸಲ, ಈ ತ್ರಾಸು ವ್ಯರ್ಥವಾಗಲಿಲ್ಲ ಅನ್ನಿಸಿತು.

ಅಕ್ಟೋಬರ್ ಕೊನೆಗೆ ನೀರು ಹಾಕಿದ ಮೂರೂ ಸತ್ತಿದ್ದವು. ನೀರು ನಿಲ್ಲಿಸಿದ್ದರಲ್ಲಿ ಒಂದು ಸತ್ತು ಎರಡು ಹಳದಿಯಾಗಿ ನಿಂತಿದ್ದವು. ದಿಬ್ಬದ ಮೇಲಿನ ಎರಡು, ಮಕ್ಕಳು ಎತ್ತಿಟ್ಟವು, ತುದಿಯಲ್ಲಿ ತಾಮ್ರದ ಬಣ್ಣದ ಚಿಗುರು ಬಿಟ್ಟಿದ್ದವು. ಮೂರು ಮೂರು ಸಸಿಗಳಿಂದ ಏನನ್ನೂ ಖಂಡಿತವಾಗಿ ಹೇಳಲಾಗದು ಎಂದು ಮಕ್ಕಳಿಗೆ ಹೇಳಿದೆ. ಇಪ್ಪತ್ತೈದಕ್ಕೆ ನಾಲ್ಕು ಎಂದು ವರದಿ ಹೋಯಿತು, ನನ್ನ ಹೆಸರಿನೊಂದಿಗೆ. ಕಾರಣ ಕೇಳಿ ಒಂದು ಪತ್ರವೂ ಬಂತು.

ಚಾರ್ಟನ್ನು ಮುಗಿಸುವ ದಿನ ಅದನ್ನು ಗೋಡೆಯಿಂದ ಇಳಿಸಿ ಟೇಬಲ್ಲಿನ ಮೇಲೆ ಹಾಸಿದೆವು. ಒಂದೊಂದೇ ಸಾಲು ಓದುವುದು ನಾನು. ಊಹೆ ಯಾರದೋ ಅವರನ್ನು 'ಹೇಗೆ ಗೊತ್ತು' ಎಂದು ಕೇಳಿ ಮೂರನೇ ಅಂಕಣ ತುಂಬುವ ಕೆಲಸವನ್ನು ತರಗತಿ ಆ ಹುಡುಗಿಗೇ ಕೊಟ್ಟಿತು, ಅಕ್ಷರ ದುಂಡಗೆ ಅಂತ. ಗೆದ್ದಲು ಎಂದವನು ಎದ್ದು, ಕಿತ್ತ ಒಂದು ಬೇರಿನಲ್ಲೂ ಗೆದ್ದಲು ಕಾಣಲಿಲ್ಲ ಎಂದ. ಅವಳು ಬರೆದಳು. ಬಿಸಿಲು ಎಂದವಳು, ದಿಬ್ಬದ ಮೇಲಿನವೂ ಅದೇ ಬಿಸಿಲಿನಲ್ಲಿದ್ದವು ಎಂದಳು. ಬರೆದಳು. ನರ್ಸರಿ ಎಂದವನು, ಚಿಗುರಿದವೂ ಅದೇ ನರ್ಸರಿಯವು ಎಂದು ಒಪ್ಪಿಕೊಂಡ. ಅದನ್ನೂ ಬರೆದಳು.

ನಾನು ನಾಲ್ಕನೇ ಸಾಲು ಓದಿದೆ. "ಮಂತ್ರಿ ನೀರು ಹಾಕಿಲ್ಲ."

"ಅದನ್ನ ಹೊಡೀರಿ ಸರ್! ನೀರು ಹೆಚ್ಚಾಗೇ ಸತ್ತಾವ" ಎಂದು ತರಗತಿ ಕೂಗಿತು. ಆ ಕೂಗಿಗಾಗಿಯೇ ನಾನು ಕಾದಿದ್ದೆ. ಎಲ್ಲರ ಮುಂದೆ ತಪ್ಪಾಯಿತು ಎಂದು ಹೇಳಿ, ಮಂತ್ರಿಗಿರಿ ತಿರುಗಿ ಕೊಟ್ಟು ಮುಗಿಸಬೇಕೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬಂದಿದ್ದೆ.

"ತಡೀರಿ" ಎಂದಳು ಅವಳು ತರಗತಿಗೆ. ಆಮೇಲೆ ನನ್ನ ಕಡೆ ತಿರುಗಿದಳು. "ನಾ ಹಾಕೇನ್ರೀ ಸರ್. ನೀವು ಬೈದ ಮ್ಯಾಲ ತುಂಬಿದ ಕೊಡ ಹಾಕಿದೆ, ಮುಂಜಾನಿ ಒಮ್ಮೆ, ಸಂಜೀಕ ಒಮ್ಮೆ. ಎಲ್ಲಾರೂ ಬರೂಕಿಂತ ಮೊದ್ಲ, ಎಲ್ಲಾರೂ ಹೋದ ಮ್ಯಾಲ ಹಾಕ್ತಿದ್ದೆ. ಹದಿನಾಕು ಇದ್ದವು ಒಂಬತ್ತಾದ್ವು. ಆ ಐದು ನಾನ ಕೊಂದೀನ್ರೀ."

ಯಾರೂ ನಗಲಿಲ್ಲ. ಮಂತ್ರಿಗಿರಿ ಕಸಿದುಕೊಂಡ ಮೇಲೆ ಅಷ್ಟು ದಿನ ಒಬ್ಬಳೇ ತುಂಬಿದ ಕೊಡ ಹೊತ್ತಿದ್ದಾಳೆ. ಅವಳು ಸುಳ್ಳು ಹೇಳಿದ್ದಾಳೆಂದು ನಾನು ಅಂದದ್ದಕ್ಕೆ.

"ನೀ ಅಲ್ಲವ್ವ. ನಾನು" ಎಂದೆ.

ಅವಳು ಚಾರ್ಟಿನ ಎರಡನೇ ಅಂಕಣವನ್ನು ಬೆರಳಿಟ್ಟು ನೋಡಿದಳು. ಪೆನ್ನಿನ ಮುಚ್ಚಳ ತೆಗೆದು, ಗೆದ್ದಲಿನವನನ್ನೂ ಬಿಸಿಲಿನವಳನ್ನೂ ಕೇಳಿದ್ದ ಅದೇ ಧ್ವನಿಯಲ್ಲಿ, ಸಿಟ್ಟಿಲ್ಲದೆ, ಕೇಳಿದಳು.

"ಸರ್, ನಾ ನೀರು ಹಾಕಿಲ್ಲಂತ ನಿಮಗ ಹೆಂಗ ಗೊತ್ತಾತ್ರೀ?"

ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಇದಕ್ಕೆ ಒಪ್ಪುವಂತಿರಲಿಲ್ಲ. ನಮ್ಮ ಊರಿನ ಮಣ್ಣಿನ ವಿಷಯ ಹೇಳಬಹುದಿತ್ತು. ಎರಡು ಬಸ್ಸುಗಳ ದಣಿವು, ಹೆಡ್ ಮಾಸ್ತರರ ನೋಟ, ಏನೇನೋ ಹೇಳಬಹುದಿತ್ತು. ಅವಳು ಪೆನ್ ಹಿಡಿದು ಕಾಯುತ್ತಿದ್ದಳು, ಹೇಳಿದ್ದನ್ನು ಹಾಗೇ ಬರೆಯುವವಳು.

"ಗೊತ್ತಿರಲಿಲ್ಲ" ಎಂದೆ. "ನೋಡಿರಲಿಲ್ಲ. ನೋಡಲಾರ್ದ ಅಂದೆ."

ಅವಳು ಬಾಗಿ ಬರೆದಳು. ಗೊತ್ತಿರಲಿಲ್ಲ, ನೋಡದೆ ಅಂದದ್ದು. ಶಾಯಿ ಆರಲೆಂದು ಊದಿದಳು. ಆಮೇಲೆ ತಲೆ ಎತ್ತದೆ, "ಮುಂದಿಂದು ಓದ್ರಿ ಸರ್" ಎಂದಳು.

ನಾನು ಐದನೇ ಸಾಲು ಓದಿದೆ.